ದಿನದ ದಾರಿ ನೋಡಿ ಗಾಡಿ ಕೊಳ್ಳಿರಿ

ನಮ್ಮ ಭಾಗದ ವ್ಯಾಪಾರ ಒಂದೇ ಪೇಟೆಯಲ್ಲಿ ಕುಳಿತು ನಡೆಯುವಂಥದ್ದಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ಬಾದಾಮಿಯಲ್ಲಿ ಪ್ರವಾಸಿಗರನ್ನು ನಂಬಿದ ಅಂಗಡಿ-ಖಾನಾವಳಿಗಳು, ಬಾಗಲಕೋಟೆಯ ಸಗಟು ಮಳಿಗೆಗಳು ಒಂದಕ್ಕೊಂದು ನಂಟುಳ್ಳವು. ಆದರೆ ಊರಿಂದೂರಿಗೆ ಹತ್ತಾರು ಕಿಲೋಮೀಟರ್ ಅಂತರದಲ್ಲಿ ಚದುರಿಕೊಂಡಿವೆ. ಮಾಲು ತರಲು, ಮಾದರಿ ತೋರಿಸಲು, ಉದರಿ ವಸೂಲು ಮಾಡಲು, ಕಚೇರಿಯ ಕಾಗದಪತ್ರ ಮುಗಿಸಲು ವ್ಯಾಪಾರಸ್ಥನಾಗಲಿ ಅವನ ಗುಮಾಸ್ತನಾಗಲಿ ರಸ್ತೆಗೆ ಇಳಿಯಲೇಬೇಕು. ಈ ಓಡಾಟದ ದೊಡ್ಡ ಪಾಲು ನಡೆಯುವುದು ದ್ವಿಚಕ್ರ ವಾಹನದ ಮೇಲೆ. ತಕ್ಕಡಿ, ಮಗ್ಗ, ಲೇಥ್ ಯಂತ್ರಗಳಂತೆ ಅದೂ ವ್ಯಾಪಾರದ ಒಂದು ಉಪಕರಣವೇ ಸರಿ.

ಆದರೆ ಲೇಥ್ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸಿ, ಯಾವ ಕೆಲಸಕ್ಕೆ ಎಷ್ಟು ತಾಸು ಓಡಬೇಕೆಂದು ಲೆಕ್ಕ ಹಾಕುವ ಉದ್ದಿಮೆದಾರರು ಗಾಡಿ ಕೊಳ್ಳುವಾಗ ಆ ಎಚ್ಚರ ತೋರುವುದಿಲ್ಲ. ಮನೆಯವರಿಗೆಲ್ಲ ಅನುಕೂಲವಾಗಲೆಂದು ಒಂದು ಸ್ಕೂಟರ್ ಬರುತ್ತದೆ. ಮೂರು ನಾಲ್ಕು ವರ್ಷಗಳ ನಂತರ ಹೊಸದು ಬಂದಾಗ ಹಳೆಯದು ಅಂಗಡಿಗೆ ಇಳಿಯುತ್ತದೆ. ಅಂಗಡಿಯ ಹುಡುಗ ಅದನ್ನೇ ಏರಿ ವಸೂಲಿಗೆಂದು ಹುನಗುಂದ, ಇಳಕಲ್‌ಗಳಿಗೆ ಹೊರಡುತ್ತಾನೆ. ಎಲ್ಲಕ್ಕಿಂತ ಸವೆದ ಗಾಡಿ ಎಲ್ಲಕ್ಕಿಂತ ದೂರದ ದಾರಿಗೆ ನೇಮಕವಾಗುವ ಈ ಪದ್ಧತಿ ಹಣದ ದೃಷ್ಟಿಯಿಂದಲೂ ತಪ್ಪು, ಜೀವದ ದೃಷ್ಟಿಯಿಂದಲೂ ತಪ್ಪು ಎಂಬುದು ಈ ಲೇಖನದ ಅಭಿಪ್ರಾಯ. ಗಾಡಿಯನ್ನು ಬೆಲೆಪಟ್ಟಿ ನೋಡಿ ಆರಿಸದೆ, ಅದು ದಿನವೂ ಸವೆಸಬೇಕಾದ ದಾರಿಯನ್ನೂ ಅದರ ಮೇಲೆ ಕೂರುವ ಮನುಷ್ಯನನ್ನೂ ನೋಡಿ ಆರಿಸಬೇಕು.

ನಮ್ಮ ದಾರಿಗಳು

ಮೊದಲು ದಾರಿಗಳನ್ನು ನೋಡೋಣ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಡೆಯಾಗಿ ನವನಗರ ತಲೆಯೆತ್ತಿತು. 1997ರಲ್ಲಿ ಜಿಲ್ಲೆಯಾದ ಮೇಲೆ ಸರಕಾರಿ ಕಚೇರಿಗಳೂ ಅಲ್ಲಿಯೇ ನೆಲೆಗೊಂಡವು. ಅಂಗಡಿ ಹಳೆಯ ಪೇಟೆಯಲ್ಲಿ, ಮನೆ ನವನಗರದಲ್ಲೋ ವಿದ್ಯಾಗಿರಿಯಲ್ಲೋ ಇರುವ ಕುಟುಂಬಗಳು ಇಂದು ಸಾಕಷ್ಟಿವೆ. ಇಂಥವರ ದಿನದ ಓಟ 15ರಿಂದ 20 ಕಿ.ಮೀ. ಮೀರುವುದು ಅಪರೂಪ.

ಊರಿಂದೂರಿಗೆ ತಿರುಗುವವರ ಲೆಕ್ಕವೇ ಬೇರೆ. ಬಾಗಲಕೋಟೆಯಿಂದ ಬಾದಾಮಿಗೆ ಸುಮಾರು 40 ಕಿ.ಮೀ. ಕಮತಗಿ, ಅಮೀನಗಡಗಳ ಮೇಲೆ ಹಾದು ಹುನಗುಂದವನ್ನು ದಾಟಿ ಇಳಕಲ್ ಮುಟ್ಟಲು ಸುಮಾರು 60 ಕಿ.ಮೀ. ಹೋಗಿ ಬರುವುದಕ್ಕೆ 120 ಕಿ.ಮೀ. ಆಯಿತು. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗಳ ಮಾರ್ಗವಾಗಿ ಹುನಗುಂದದ ಕಡೆಗೆ ಹೋಗುವವರಿಗೆ ದಾರಿ ಕಿರಿದು, ತಿರುವು ಹೆಚ್ಚು. ಹುನಗುಂದ-ಇಳಕಲ್ ನಡುವೆ ಸಿಗುವುದು ವಿಜಯಪುರ-ಹೊಸಪೇಟೆಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 50. ಹಿಂದೆ ಇದನ್ನೇ 13ನೆಯ ಹೆದ್ದಾರಿ ಎನ್ನುತ್ತಿದ್ದೆವು. ಗ್ರಾನೈಟ್ ಕಲ್ಲು ಹೊತ್ತ ಲಾರಿಗಳೂ ದೂರದ ಸರಕಿನ ಟ್ರಕ್ಕುಗಳೂ ವೇಗದ ಕಾರುಗಳೂ ಅಲ್ಲಿ ಒಟ್ಟಿಗೇ ಓಡುತ್ತವೆ.

ಇಷ್ಟು ಭಿನ್ನವಾದ ಎರಡು ಬಗೆಯ ದಿನಚರಿಗೆ ಒಂದೇ ಬಗೆಯ ಗಾಡಿ ಒಪ್ಪುವುದಿಲ್ಲ.

ಕಿರ್ದಿಯಲ್ಲಿ ಬರೆದು ನೋಡಿದರೆ

ವ್ಯಾಪಾರಸ್ಥರಿಗೆ ಲೆಕ್ಕವೇ ಒಳ್ಳೆಯ ವಾದ. ಸುಲಭಕ್ಕಾಗಿ ಪೆಟ್ರೋಲಿನ ದರ ಲೀಟರಿಗೆ 100 ರೂಪಾಯಿ ಎಂದೂ, 100 ಸಿ.ಸಿ. ಮೋಟಾರ್ ಸೈಕಲ್ ಲೀಟರಿಗೆ 60 ಕಿ.ಮೀ., ಗೇರ್‌ರಹಿತ ಸ್ಕೂಟರ್ 45 ಕಿ.ಮೀ. ಕೊಡುತ್ತದೆಂದೂ ಹಿಡಿಯೋಣ. ವರ್ಷಕ್ಕೆ 300 ದಿನಗಳ ಓಡಾಟ.

ಇಳಕಲ್‌ಗೆ ದಿನವೂ ಹೋಗಿಬರುವವನ ಓಟ ವರ್ಷಕ್ಕೆ 36,000 ಕಿ.ಮೀ. ಮೋಟಾರ್ ಸೈಕಲ್ಲಿಗೆ 600 ಲೀಟರ್, ಸ್ಕೂಟರಿಗೆ 800 ಲೀಟರ್ ಬೇಕು. ವ್ಯತ್ಯಾಸ 20,000 ರೂಪಾಯಿ. ನಾಲ್ಕು ವರ್ಷಗಳಲ್ಲಿ ಇದು 80,000 ರೂಪಾಯಿ ಆಗುತ್ತದೆ. ಗಾಡಿಗೆ ಕೊಟ್ಟ ಹಣದ ಬಹುಭಾಗ ಇಂಧನದ ಉಳಿತಾಯದಲ್ಲಿಯೇ ಮರಳಿ ಬಂದಂತಾಯಿತು. ಬಾದಾಮಿಗೆ ಹೋಗಿಬರುವವನ 24,000 ಕಿ.ಮೀ. ಓಟಕ್ಕೆ ವ್ಯತ್ಯಾಸ 13,000 ರೂಪಾಯಿಗೂ ತುಸು ಹೆಚ್ಚು.

ನವನಗರದಿಂದ ಪೇಟೆಗೆ ದಿನಕ್ಕೆ 15 ಕಿ.ಮೀ. ತಿರುಗುವವನಿಗೆ ಇದೇ ವ್ಯತ್ಯಾಸ ವರ್ಷಕ್ಕೆ 2,500 ರೂಪಾಯಿ ಮಾತ್ರ. ಮನೆಯ ಹೆಣ್ಣುಮಕ್ಕಳೂ ಹಿರಿಯರೂ ನಡೆಸಬಹುದು, ಕಾಲಿನ ಮುಂದೆ ಚೀಲ ಇಡಬಹುದು, ಪೇಟೆಯ ಗದ್ದಲದಲ್ಲಿ ಗೇರು ಬದಲಿಸುವ ತಾಪತ್ರಯವಿಲ್ಲ ಎಂಬ ಅನುಕೂಲಗಳಿಗೆ ತಿಂಗಳಿಗೆ ಇನ್ನೂರು ರೂಪಾಯಿ ಕೊಡುವುದು ದುಬಾರಿಯೇನಲ್ಲ. ಅಂಥವರಿಗೆ ಸ್ಕೂಟರ್ ಬೇಡವೆಂದು ಹೇಳಲು ಯಾವ ಕಾರಣವೂ ಇಲ್ಲ.

ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಮೋಟಾರ್ ಸೈಕಲ್ಲುಗಳಲ್ಲಿಯೇ ಒಂದು 60, ಇನ್ನೊಂದು 65 ಕಿ.ಮೀ. ಕೊಡುತ್ತದೆ ಎಂಬ ಚರ್ಚೆಯಲ್ಲಿ ನಾವು ಬಹಳ ಹೊತ್ತು ಕಳೆಯುತ್ತೇವೆ. ಇಳಕಲ್ ದಾರಿಯಲ್ಲಿಯೇ ಅದರಿಂದ ಉಳಿಯುವುದು ವರ್ಷಕ್ಕೆ ಸುಮಾರು 4,600 ರೂಪಾಯಿ. ದಿನಕ್ಕೆ 15 ರೂಪಾಯಿ. ಟೈರಿನ ಗಾಳಿ ಕಡಿಮೆಯಾಗಿದ್ದರೆ, ಚೈನು ಒಣಗಿದ್ದರೆ, ವೇಗ ಸ್ವಲ್ಪ ಏರಿದರೆ ಅಷ್ಟೂ ಹೋಗುತ್ತದೆ. ಹೀಗಾಗಿ ಇಷ್ಟು ಸಣ್ಣ ವ್ಯತ್ಯಾಸಕ್ಕಾಗಿ ಒಳ್ಳೆಯ ಬ್ರೇಕು, ಗಟ್ಟಿಯಾದ ಸೀಟು, ಹತ್ತಿರದ ಸರ್ವಿಸ್ ಬಿಟ್ಟುಕೊಡಬಾರದು.

ನನ್ನ ಅಂದಾಜಿನಲ್ಲಿ ದಿನಕ್ಕೆ 30 ಕಿ.ಮೀ. ಒಳಗಿನ ಓಟಕ್ಕೆ ಸ್ಕೂಟರ್, 60 ಕಿ.ಮೀ. ಮೀರಿದ ಓಟಕ್ಕೆ ಮೋಟಾರ್ ಸೈಕಲ್ ಎಂಬುದು ಒಪ್ಪುವ ಗೆರೆ. ನಡುವಿನವರು ಹೊರೆ, ರಸ್ತೆ ಇವೆರಡನ್ನೂ ನೋಡಿ ತೀರ್ಮಾನಿಸಬೇಕು.

ಚಕ್ರ ಮತ್ತು ರಸ್ತೆ

ಇಂಧನಕ್ಕಿಂತ ದೊಡ್ಡ ಸಂಗತಿ ಚಕ್ರದ ಅಳತೆ. ಪೇಟೆಯ ಸ್ಕೂಟರುಗಳಲ್ಲಿ ಸಾಮಾನ್ಯವಾಗಿರುವ 10 ಇಂಚಿನ ಚಕ್ರ ಟೈರು ಸೇರಿ ಸುಮಾರು 43 ಸೆಂ.ಮೀ. ಎತ್ತರವಿದ್ದರೆ, ಮೋಟಾರ್ ಸೈಕಲ್ಲಿನ 18 ಇಂಚಿನ ಚಕ್ರ ಸುಮಾರು 60 ಸೆಂ.ಮೀ. ಎತ್ತರವಿರುತ್ತದೆ. ದೊಡ್ಡ ಚಕ್ರ ತಗ್ಗಿನ ಅಂಚಿನ ಮೇಲೆ ಉರುಳಿ ದಾಟುತ್ತದೆ. ಚಿಕ್ಕ ಚಕ್ರ ತಗ್ಗಿನೊಳಗೆ ಇಳಿದು ಎದುರಿನ ಅಂಚಿಗೆ ಬಡಿಯುತ್ತದೆ. 30ರ ವೇಗದಲ್ಲಿ ಇದು ಸೊಂಟಕ್ಕೆ ತಗಲುವ ಏಟು. 60ರ ವೇಗದಲ್ಲಿ ಹ್ಯಾಂಡಲ್ ಕೈತಪ್ಪುವ ಅಪಾಯ.

ನಮ್ಮ ಸೀಮೆಯ ರಸ್ತೆಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಗುಣದ್ದು; ಅದರ ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಎದುರಿನಿಂದ ಬಸ್ಸು ಬಂದಾಗ ಡಾಂಬರಿನಿಂದ ಪಕ್ಕದ ಮಣ್ಣಿಗೆ ಇಳಿದು ಮತ್ತೆ ಏರುವುದು ಚಿಕ್ಕ ಚಕ್ರಕ್ಕೆ ಕಠಿಣ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಕಾಳುಕಡಿ ಹರವುವವರಿದ್ದಾರೆ. ಕಬ್ಬು ನುರಿಸುವ ಕಾಲದಲ್ಲಿ ಜೋಡಿ ಟ್ರೇಲರಿನ ಟ್ರಾಕ್ಟರುಗಳು ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಸಂಜೆಗತ್ತಲಲ್ಲಿ ಸಾಗುತ್ತವೆ. ಇಂಥಲ್ಲಿ ಗಾಡಿಯ ಸ್ಥಿರತೆ, ಬ್ರೇಕು, ದೀಪ ಇವು ಅಲಂಕಾರದ ಮಾತುಗಳಲ್ಲ.

"ನಮ್ಮ ಹಿರಿಯರು ಬಜಾಜ್ ಚೇತಕ್ ಮೇಲೆಯೇ ಊರೂರು ತಿರುಗಿ ವ್ಯಾಪಾರ ಬೆಳೆಸಲಿಲ್ಲವೇ, ಅದರ ಚಕ್ರವೂ ಚಿಕ್ಕದೇ ಅಲ್ಲವೇ" ಎಂದು ಕೇಳುವವರುಂಟು. ಮಾತು ನಿಜ. 1972ರಲ್ಲಿ ಮಾರುಕಟ್ಟೆಗೆ ಬಂದ ಚೇತಕ್ ಹಲವು ದಶಕಗಳ ಕಾಲ ಮಧ್ಯಮ ವರ್ಗದ ವ್ಯಾಪಾರಸ್ಥನ ಗುರುತಾಗಿತ್ತು. ಆದರೆ ಅದಕ್ಕೆ ಹೆಚ್ಚುವರಿ ಚಕ್ರವೊಂದು ಜೊತೆಗೇ ಇರುತ್ತಿತ್ತು. ಇಂದಿನ ಸ್ಕೂಟರುಗಳಿಗೆ ಅದಿಲ್ಲ. ಅಂದಿನ ರಸ್ತೆಯಲ್ಲಿ ಲಾರಿಯೂ 40-50ರ ವೇಗದಲ್ಲಿ ಸಾಗುತ್ತಿತ್ತು. ಇಂದಿನ ಚತುಷ್ಪಥದಲ್ಲಿ ಕಾರುಗಳು 100ರ ಮೇಲೆ ಓಡುತ್ತವೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ದೂರದ ಓಡಾಟದವರು ನಾಲ್ಕು ಸ್ಟ್ರೋಕಿನ ಮೋಟಾರ್ ಸೈಕಲ್ಲಿಗೆ ಹೊರಳಿದ್ದು, 1994ರ ನಂತರ ಸ್ಪ್ಲೆಂಡರ್ ಹಳ್ಳಿಹಳ್ಳಿಗೆ ಹಬ್ಬಿದ್ದು ಸುಮ್ಮನೆ ಅಲ್ಲ. 2001ರಲ್ಲಿ ಹೋಂಡಾ ಆ್ಯಕ್ಟಿವಾ ಬಂದ ಮೇಲೆ ಗೇರ್‌ರಹಿತ ಸ್ಕೂಟರ್ ಪೇಟೆಯ ಮನೆಗಳನ್ನು ಗೆದ್ದದ್ದೂ ಅಷ್ಟೇ ನ್ಯಾಯವಾದದ್ದು. ಎರಡೂ ತಮ್ಮ ತಮ್ಮ ಜಾಗದಲ್ಲಿ ಯೋಗ್ಯ. ಜಾಗ ಅದಲುಬದಲಾದಾಗಲೇ ತೊಂದರೆ.

ಸ್ಕೂಟರನ್ನೇ ಕೊಳ್ಳಬೇಕಾದ ಕಾರಣವಿದ್ದು, ನಡುನಡುವೆ ಪರಸ್ಥಳಕ್ಕೂ ಹೋಗಬೇಕಾದವರು ಕನಿಷ್ಠ ಮುಂದಿನ ಚಕ್ರವಾದರೂ 12 ಇಂಚಿನದಿರುವ, ಮುಂಭಾಗದಲ್ಲಿ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್ ಇರುವ, 125 ಸಿ.ಸಿ. ಎಂಜಿನ್ನಿನ ಸ್ಕೂಟರನ್ನು ಆರಿಸುವುದು ಲೇಸು.

ಹೊರೆಯ ಪ್ರಶ್ನೆ

ವ್ಯಾಪಾರಸ್ಥನ ಗಾಡಿ ಬರಿದೇ ಓಡುವುದು ಕಡಿಮೆ. ಇಳಕಲ್, ಗುಳೇದಗುಡ್ಡ, ಕಮತಗಿಗಳಲ್ಲಿ ನೇಕಾರರ ಮನೆಗೆ ನೂಲು ಮುಟ್ಟಿಸಿ, ನೇಯ್ದ ಬಟ್ಟೆ ತರುವ ಪದ್ಧತಿ ಇಂದಿಗೂ ಇದೆ. ಓಣಿಯೊಳಗಿನ ಈ ಕೆಲಸಕ್ಕೆ ಟಿವಿಎಸ್ ಎಕ್ಸ್‌ಎಲ್ ಮಾದರಿಯ ಮೊಪೆಡ್ಡಿಗೆ ಸಮನಾದದ್ದು ಇನ್ನೂ ಬಂದಿಲ್ಲವೆಂದರೆ ತಪ್ಪಾಗದು. ಮುಂದೆ ಚೀಲ, ಹಿಂದೆ ಗಂಟು ಇಟ್ಟುಕೊಂಡು ಸಂದಿಗೊಂದಿಯಲ್ಲಿ ನಿಧಾನಕ್ಕೆ ಸಾಗಲು ಅದು ಯೋಗ್ಯ. ಆದರೆ ನಾಲ್ಕು ಲೀಟರಿನ ಟ್ಯಾಂಕ್, ಕಡಿಮೆ ವೇಗದ ಆ ಗಾಡಿಯನ್ನು ಹೆದ್ದಾರಿಗೆ ಹಚ್ಚುವುದು ಸಲ್ಲದು.

ಸ್ಕೂಟರಿನಲ್ಲಿ ಕಾಲಿನ ಬಳಿ ಇಟ್ಟ ಹೊರೆ ನೆಲಕ್ಕೆ ಹತ್ತಿರವಿದ್ದು ತೂಕ ಸಮನಾಗಿರುತ್ತದೆ. ಹ್ಯಾಂಡಲ್ ತಿರುಗಲು ಅಡ್ಡಿಯಾಗದಂತೆ ನೋಡಿಕೊಂಡರೆ ಸಾಕು. ಮೋಟಾರ್ ಸೈಕಲ್ಲಿನಲ್ಲಿ ಹಿಂದಿನ ಕ್ಯಾರಿಯರಿನ ಮೇಲೆ ಎತ್ತರಕ್ಕೆ ಹೇರಿದ ಗಂಟು ಮುಂದಿನ ಚಕ್ರವನ್ನು ಹಗುರಾಗಿಸುತ್ತದೆ, ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಸೀಟಿನ ಎರಡೂ ಬದಿಗೆ ಸಮತೂಕದ ಕ್ಯಾನ್ವಾಸ್ ಚೀಲಗಳನ್ನು ಇಳಿಬಿಡುವುದೇ ಉತ್ತಮ ಕ್ರಮ. ಹಿಂದಿನ ಚಕ್ರಕ್ಕೂ ಸರಪಳಿಗೂ ತಾಗದಂತೆ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿಕೊಳ್ಳಬೇಕು. ಸೀರೆಯ ಗಂಟಿಗೆ ಮಳೆ-ಧೂಳಿನಿಂದಲೂ ಇದು ರಕ್ಷಣೆ. ದಿನವೂ ಐವತ್ತು ಕಿಲೋ ಮೀರಿದ ಹೊರೆಯನ್ನು ದೂರಕ್ಕೆ ಒಯ್ಯಬೇಕಾಗಿದ್ದರೆ ಅದು ದ್ವಿಚಕ್ರದ ಕೆಲಸವೇ ಅಲ್ಲ. ಬಸ್ಸಿನ ಪಾರ್ಸಲ್ಲಿಗೋ ಬಾಡಿಗೆಯ ಸರಕು ಗಾಡಿಗೋ ಒಪ್ಪಿಸಿ, ತಾವು ಬರಿಗೈಯಲ್ಲಿ ಹೋಗುವುದೇ ಜಾಣತನ.

ಎಂಜಿನ್ ಎಷ್ಟಿರಬೇಕು

100 ಸಿ.ಸಿ. ಎಂಜಿನ್ 50-55ರ ವೇಗದಲ್ಲಿ ನಿರಾಯಾಸವಾಗಿ ಓಡುತ್ತದೆ. ಬಾಗಲಕೋಟೆ-ಬಾದಾಮಿ, ಬಾಗಲಕೋಟೆ-ಅಮೀನಗಡದಂಥ ದಾರಿಗಳಲ್ಲಿ ಒಬ್ಬನೇ ಹೋಗುವವನಿಗೆ ಇಷ್ಟು ಸಾಕು. ಹಿಂದೆ ಇನ್ನೊಬ್ಬರು ಕೂರುವುದಿದ್ದರೆ, ಹೊರೆಯಿದ್ದರೆ, ದಿನವೂ ಹೆದ್ದಾರಿಗೆ ಇಳಿಯಬೇಕಾಗಿದ್ದರೆ 125 ಸಿ.ಸಿ. ತೆಗೆದುಕೊಳ್ಳಬೇಕು. ಟ್ರಾಕ್ಟರನ್ನು ಹಿಂದೆ ಹಾಕುವಾಗ ಎದುರು ದಿಕ್ಕಿನ ಪಥದಲ್ಲಿ ಕಳೆಯುವ ಕ್ಷಣಗಳನ್ನು ಕಡಿಮೆ ಮಾಡುವುದೇ ಆ ಹೆಚ್ಚಿನ ಶಕ್ತಿಯ ಉಪಯೋಗ, ವೇಗದ ಚಪಲಕ್ಕಲ್ಲ. ವೇಗ 50ರಿಂದ 70ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದನ್ನು ನೆನಪಿಡಬೇಕು. 150 ಸಿ.ಸಿ. ಮತ್ತು ಅದರ ಮೇಲಿನವು ನಮ್ಮ ವೃತ್ತಿಯ ಅಗತ್ಯಕ್ಕಿಂತ ಹೆಚ್ಚಿನವು. ಇಂಧನದ ಖರ್ಚನ್ನು ಏರಿಸುತ್ತವೆ.

ಬ್ರೇಕಿನ ವಿಷಯದಲ್ಲಿ ಕಾನೂನೇ ನೆರವಿಗೆ ಬಂದಿದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರಗಳ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್, ಅದರ ಮೇಲಿನವಕ್ಕೆ ಚಕ್ರ ಜಾಮಾಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಗಾಡಿಯನ್ನು ದೂರದ ದಾರಿಗೆ ಬಳಸುವವರು ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಮುಂದೆ ಡಿಸ್ಕ್ ಬ್ರೇಕು, ಟ್ಯೂಬ್‌ಲೆಸ್ ಟೈರು ಇರುವ ಮಾದರಿಗೆ ಕೆಲವು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಡುದಾರಿಯಲ್ಲಿ ಕೆಟ್ಟುನಿಂತರೆ ಏನೆಂಬುದನ್ನೂ ಯೋಚಿಸಬೇಕು. ಮೋಟಾರ್ ಸೈಕಲ್ಲಿನ ಚೈನು ತುಂಡಾದರೆ ಕಮತಗಿಯಲ್ಲೋ ಅಮೀನಗಡದಲ್ಲೋ ಕೂಡಿಸಿ ಕೊಡುವ ಮೆಕ್ಯಾನಿಕ್ ಸಿಗುತ್ತಾನೆ. ಸ್ಕೂಟರಿನ ಬೆಲ್ಟ್ ಹರಿದರೆ ಗಾಡಿಯನ್ನು ಹೊತ್ತೊಯ್ಯದೆ ಗತಿಯಿಲ್ಲ. ಬೆಲ್ಟನ್ನು ಸಾಮಾನ್ಯವಾಗಿ 20ರಿಂದ 25 ಸಾವಿರ ಕಿ.ಮೀ. ಹೊತ್ತಿಗೆ ಬದಲಿಸಬೇಕಾಗುತ್ತದೆ, ಪೇಟೆಯವನಿಗೆ ಅದು ಐದು ವರ್ಷಕ್ಕೊಮ್ಮೆ, ಇಳಕಲ್ ದಾರಿಯವನಿಗೆ ವರ್ಷ ತುಂಬುವ ಮೊದಲೇ. ಟ್ಯಾಂಕಿನ ಮಾತೂ ಹಾಗೆಯೇ. ಐದು ಲೀಟರಿನ ಸ್ಕೂಟರ್ ಎರಡು ದಿನಕ್ಕೊಮ್ಮೆ ಪಂಪಿನ ಮುಂದೆ ನಿಲ್ಲಬೇಕು; ಹತ್ತು ಲೀಟರಿನ ಮೋಟಾರ್ ಸೈಕಲ್ಲಿಗೆ ಹೆಚ್ಚುಕಡಿಮೆ ವಾರಕ್ಕೊಮ್ಮೆ ಸಾಕು.

ವಿದ್ಯುತ್, ಗ್ಯಾಸ್ ಮತ್ತು ಎಥನಾಲ್

ವಿದ್ಯುತ್ ಸ್ಕೂಟರುಗಳ ಬಗ್ಗೆ ಸದಸ್ಯರಲ್ಲಿ ಕುತೂಹಲವಿದೆ. ಮನೆಯಲ್ಲಿಯೇ ರಾತ್ರಿ ಚಾರ್ಜ್ ಮಾಡಿ ದಿನಕ್ಕೆ 20-30 ಕಿ.ಮೀ. ತಿರುಗುವವರಿಗೆ, ಅಂದರೆ ನವನಗರ-ವಿದ್ಯಾಗಿರಿ-ಹಳೆಪೇಟೆಯವರಿಗೆ, ಅವು ನಿಜವಾಗಿಯೂ ಲಾಭದಾಯಕ. 120 ಕಿ.ಮೀ. ಹೋಗಿಬರುವವರಿಗೆ ಅದೇ ಮಾತು ಹೇಳಲಾಗದು. ಕಂಪನಿ ಹೇಳುವ ಅಂತರ ಹದವಾದ ವೇಗದ ಪರೀಕ್ಷೆಯದು. ಹೆದ್ದಾರಿಯ ವೇಗ, ಎದುರುಗಾಳಿ, ಹಿಂದಿನ ಹೊರೆ ಸೇರಿದರೆ ಅದು ಗಣನೀಯವಾಗಿ ಇಳಿಯುತ್ತದೆ. ಇಳಕಲ್‌ನಲ್ಲಿ ಗಿರಾಕಿಯ ಅಂಗಡಿಯಲ್ಲಿಯೇ ನಾಲ್ಕು ತಾಸು ಚಾರ್ಜ್ ಮಾಡುವ ಖಚಿತ ಏರ್ಪಾಡು ಇದ್ದವರು ಮಾತ್ರ ಇದನ್ನು ಪರಿಶೀಲಿಸಬಹುದು. 2024ರ ಜುಲೈಯಲ್ಲಿ ಬಜಾಜ್ ಕಂಪನಿ ತಂದ ಸಿಎನ್‌ಜಿ ಮೋಟಾರ್ ಸೈಕಲ್ಲು ದೂರದ ಓಟದವರಿಗೆ ಇಂಧನದ ಖರ್ಚು ಇಳಿಸಬಲ್ಲದು. ಎರಡು ಲೀಟರ್ ಪೆಟ್ರೋಲೂ ಹಿಡಿಯುವುದರಿಂದ ನಡುದಾರಿಯ ಭಯವಿಲ್ಲ. ಆದರೆ ತಮ್ಮ ನಿತ್ಯದ ದಾರಿಯ ಮೇಲೆಯೇ ಸಿಎನ್‌ಜಿ ಪಂಪು ಇರುವವರಿಗೆ ಮಾತ್ರ ಅದರ ಪ್ರಯೋಜನ.

ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಪದ್ಧತಿ ಬಂದಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಅದರಿಂದ ಹಿತವಿದೆ. ಆದರೆ ಎಥನಾಲಿನ ಶಾಖಶಕ್ತಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ಮೈಲೇಜು ತುಸು ಕುಗ್ಗುವುದು ಸಹಜ. ಹಳೆಯ ಗಾಡಿ ಕೊಳ್ಳುವವರು 2023ರ ಏಪ್ರಿಲ್ ನಂತರ ತಯಾರಾದ, ಇ20 ಇಂಧನಕ್ಕೆ ಒಗ್ಗುವ ಗಾಡಿಯನ್ನೇ ಹುಡುಕುವುದು ಒಳ್ಳೆಯದು. ಅದಕ್ಕೂ ಹಿಂದಿನವುಗಳಲ್ಲಿ ರಬ್ಬರ್ ಪೈಪು, ವಾಷರುಗಳ ಮೇಲೆ ಕಣ್ಣಿಟ್ಟಿರಬೇಕು.

ತೆರಿಗೆ ಮತ್ತು ವಿಮೆ

2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆರಹಿತ ಬೆಲೆ 60,000 ರೂಪಾಯಿ ಇರುವ ಗಾಡಿಗೆ ಇದರಿಂದ 6,000 ರೂಪಾಯಿ ಉಳಿತಾಯ. ಡಿಸ್ಕ್ ಬ್ರೇಕು, ಒಳ್ಳೆಯ ಹೆಲ್ಮೆಟ್, ಬದಿಯ ಚೀಲಗಳಿಗೆ ಈ ಹಣವನ್ನು ಬಳಸಿದರೆ ಅದಕ್ಕಿಂತ ಸದ್ವಿನಿಯೋಗ ಬೇರಿಲ್ಲ. ಆದರೆ ಜನರ ಓಡಾಟಕ್ಕೆಂದು ಕೊಂಡ ಇಂಥ ವಾಹನದ ಜಿಎಸ್‌ಟಿಯನ್ನು ವ್ಯಾಪಾರಸ್ಥರು ಹೂಟೆ ತೆರಿಗೆ ಜಮೆಯಾಗಿ ಪಡೆಯಲು ಬರುವುದಿಲ್ಲ. ಅದನ್ನು ಗಾಡಿಯ ಬೆಲೆಯೆಂದೇ ಎಣಿಸಬೇಕು. ವ್ಯಾಪಾರಕ್ಕೆ ಬಳಸುವ ವಾಹನದ ಮೇಲೆ ಆದಾಯ ತೆರಿಗೆಯಲ್ಲಿ ಶೇ. 15ರ ಸವಕಳಿ ದೊರೆಯುತ್ತದೆ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ಹಣಕ್ಕೆ ಈ ಸೌಲಭ್ಯವಿಲ್ಲ. ಆದ್ದರಿಂದ ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡಿರಿ.

ವಿಮೆಯ ವಿಷಯದಲ್ಲಿ ಅನೇಕರಿಗೆ ತಿಳಿಯದ ಒಂದು ಮಾತಿದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಅದರೊಂದಿಗೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಗಾಡಿಯ ನೋಂದಾಯಿತ ಮಾಲೀಕ ತಾನೇ ನಡೆಸುತ್ತಿರುವಾಗ ಅನ್ವಯಿಸುವಂಥದ್ದು. ಮಾಲೀಕನ ಹೆಸರಿನ ಗಾಡಿಯನ್ನು ಅಂಗಡಿಯ ನೌಕರ ಓಡಿಸುತ್ತಿದ್ದಾಗ ಅವನಿಗೆ ಏನಾದರೂ ಆದರೆ ಆ 15 ಲಕ್ಷ ಅವನ ಮನೆಗೆ ಬರುವುದಿಲ್ಲ. ನೌಕರನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆಯನ್ನೇ ಮಾಡಿಸಬೇಕು. ವಿಮಾ ಪ್ರತಿನಿಧಿಯನ್ನು ಈ ಒಂದು ಪ್ರಶ್ನೆ ತಪ್ಪದೆ ಕೇಳಿರಿ.

ಗಾಡಿಯ ಮೇಲೆ ಕೂರುವವನು

ಇದೀಗ ಮುಖ್ಯ ಮಾತಿಗೆ ಬರೋಣ. ಕೇಂದ್ರ ಸರಕಾರದ ಅಂಕಿ ಅಂಶಗಳಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಅಸುನೀಗಿದರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಇವರಲ್ಲಿ ಎಷ್ಟೋ ಜನ ದುಡಿಮೆಗಾಗಿ ಮನೆ ಬಿಟ್ಟವರೇ. ನಾವು ಉದರಿ ವಸೂಲಿಗೆ ಕಳಿಸುವ ಹುಡುಗನೂ ಅದೇ ರಸ್ತೆಯಲ್ಲಿ ಇರುತ್ತಾನೆ.

ಕೆಲಸದ ನಿಮಿತ್ತ ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನದು ಎಂಬ ತತ್ವ 1923ರ ಕಾರ್ಮಿಕ ಪರಿಹಾರ ಕಾಯಿದೆಯಿಂದ ನಡೆದುಬಂದದ್ದು. ಇಂದಿನ ಕಾನೂನಿನಲ್ಲೂ ಅದು ಉಳಿದಿದೆ. ಆದರೆ ಕಾನೂನಿನ ಭಯಕ್ಕಿಂತ ದೊಡ್ಡದು ಊರಿನ ಸಂಬಂಧ. ನಮ್ಮ ಅಂಗಡಿಗಳಲ್ಲಿ ದುಡಿಯುವವರು ಅಪರಿಚಿತರಲ್ಲ. ಅವರ ತಂದೆ ನಮ್ಮ ತಂದೆಯ ಕಾಲದಲ್ಲಿ ಅದೇ ಗದ್ದುಗೆಯ ಪಕ್ಕ ಕುಳಿತು ಲೆಕ್ಕ ಬರೆದವರಿರಬಹುದು. ನಮ್ಮ ಮಗ ಇಳಕಲ್‌ಗೆ ದಿನವೂ ಹೋಗುವಂತಿದ್ದರೆ ಯಾವ ಗಾಡಿ ಕೊಡಿಸುತ್ತಿದ್ದೆವೋ ಅದನ್ನೇ ಅವನಿಗೂ ಕೊಡಿಸಬೇಕು. ಸವೆದ ಟೈರು, ಮಂದವಾದ ದೀಪ, ಸಡಿಲಾದ ಬ್ರೇಕಿನ ಹಳೆಯ ಸ್ಕೂಟರನ್ನು ದೂರದ ದಾರಿಗೆ ಕಳಿಸುವುದನ್ನು ನಿಲ್ಲಿಸಬೇಕು. ಹಳೆಯದನ್ನು ಊರೊಳಗಿನ ಓಡಾಟಕ್ಕೆ ಇಟ್ಟು ಹೊಸದನ್ನು ದೂರಕ್ಕೆ ಕೊಡುವುದು ಲೆಕ್ಕಕ್ಕೂ ಸರಿ, ನ್ಯಾಯಕ್ಕೂ ಸರಿ.

ಹೆಲ್ಮೆಟ್ ಬಗ್ಗೆ ಎರಡು ಮಾತು. ಹಿಂಬದಿ ಸವಾರನಿಗೂ ಅದು ಕಡ್ಡಾಯವೆಂದು ನಮ್ಮ ರಾಜ್ಯದಲ್ಲಿ 2016ರಲ್ಲಿಯೇ ಆದೇಶವಾಗಿದೆ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೂ ನಿಷಿದ್ಧ. ಆದರೂ ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅದನ್ನು ಟ್ಯಾಂಕಿನ ಮೇಲಿಟ್ಟು ಓಡಿಸುವವರೇ ಹೆಚ್ಚು. ಗಾಳಿಯಾಡುವ ಕಿಂಡಿಗಳಿರುವ, ತಿಳಿಬಣ್ಣದ, ತಲೆಗೆ ಸರಿಹೊಂದುವ ಹೆಲ್ಮೆಟ್ಟನ್ನು ಮಾಲೀಕನೇ ಕೊಡಿಸಿದರೆ ಹಾಕಿಕೊಳ್ಳುವ ಅಭ್ಯಾಸ ತಾನಾಗಿಯೇ ಬೆಳೆಯುತ್ತದೆ. ಹಗಲು ಹನ್ನೆರಡರಿಂದ ಮೂರರವರೆಗೆ, ಹಾಗೂ ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ದೂರದ ಪ್ರಯಾಣ ಹಚ್ಚಬಾರದು. "ಇವತ್ತೇ ವಸೂಲಾಗಬೇಕು" ಎಂಬ ಒಂದು ಫೋನ್ ಕರೆ ಅನೇಕ ಅವಸರಗಳಿಗೆ ಮೂಲ ಎಂಬುದನ್ನು ನಾವು ಅರಿಯಬೇಕು.

ಗಾಡಿ ಬೇಡವಾದ ದಿನಗಳು

ಕೊನೆಯದಾಗಿ, ದಿನವೂ 120 ಕಿ.ಮೀ. ದೂರವನ್ನು ಎರಡು ಚಕ್ರದ ಮೇಲೆಯೇ ಸವೆಸಬೇಕೇ ಎಂಬುದನ್ನೂ ಕೇಳಿಕೊಳ್ಳಬೇಕು. ಹುನಗುಂದ, ಇಳಕಲ್‌ಗಳಿಗೆ ರೈಲು ಇಲ್ಲದಿದ್ದರೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸುಗಳಿವೆ. ಬಾದಾಮಿಗಂತೂ ಗದಗ-ಹೊಟಗಿ ಮಾರ್ಗದ ರೈಲೂ ಇದೆ. ಬಸ್ಸಿನಲ್ಲಿ ಹೋಗಿ, ಅಲ್ಲಿನ ಗಿರಾಕಿಯ ಬಳಿ ಇಟ್ಟ ಹಳೆಯ ಮೊಪೆಡ್ ಏರಿ ಊರು ತಿರುಗಿ, ಮತ್ತೆ ಬಸ್ಸಿನಲ್ಲಿ ಮರಳುವ ಕ್ರಮ ವಾರದಲ್ಲಿ ಎರಡು ಮೂರು ದಿನವಾದರೂ ಸಾಧ್ಯ. ವಸೂಲಿಯ ದಿನಗಳನ್ನು ಒಟ್ಟುಗೂಡಿಸಿದರೆ, ಸಣ್ಣ ಬಾಕಿಗಳನ್ನು ಮೊಬೈಲಿನ ಮೂಲಕವೇ ಪಡೆದರೆ ಓಟವೇ ಅರ್ಧವಾದೀತು. ಅತಿ ಅಗ್ಗದ ಕಿಲೋಮೀಟರು ಎಂದರೆ ಓಡದೆ ಉಳಿದದ್ದು.

ಈ ನಿಟ್ಟಿನಲ್ಲಿ ನಮ್ಮ ಸಂಸ್ಥೆಯೂ ಮೂರು ಕೆಲಸ ಮಾಡಬಹುದು. ಸದಸ್ಯರ ಅಂಗಡಿಗಳ ಗಾಡಿಗಳಿಗಾಗಿ ಮಳೆಗಾಲಕ್ಕೆ ಮೊದಲು ಟೈರು, ಬ್ರೇಕು, ದೀಪಗಳ ತಪಾಸಣಾ ಶಿಬಿರವೊಂದನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ಸರದಿಯಂತೆ ಏರ್ಪಡಿಸುವುದು. ನೌಕರರ ಸಾಮೂಹಿಕ ಅಪಘಾತ ವಿಮೆಗೆ ಸದಸ್ಯರೆಲ್ಲರ ಪರವಾಗಿ ಒಟ್ಟಾಗಿ ದರ ಕೇಳುವುದು. ಕಬ್ಬಿನ ಟ್ರೇಲರುಗಳಿಗೆ ಪ್ರತಿಫಲಕ ಅಂಟಿಸುವ ಕೆಲಸದಲ್ಲಿ ಸಕ್ಕರೆ ಕಾರ್ಖಾನೆಗಳ, ಪೊಲೀಸ್ ಇಲಾಖೆಯ ಸಹಕಾರ ಪಡೆಯುವುದು. ಇವಕ್ಕೆ ಬೇಕಾದ ಹಣ ದೊಡ್ಡದಲ್ಲ.

ಮುಂದಿನ ಹಬ್ಬಕ್ಕೆ ಗಾಡಿ ಕೊಳ್ಳಲು ಹೊರಟವರು ಷೋರೂಮಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದುಕೊಳ್ಳಲಿ: ದಿನಕ್ಕೆ ಎಷ್ಟು ಕಿಲೋಮೀಟರ್, ಯಾವ ರಸ್ತೆ, ಎಷ್ಟು ಹೊರೆ, ಓಡಿಸುವವರು ಯಾರು. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಯಾವ ಗಾಡಿ ಎಂಬುದು ಹೆಚ್ಚುಕಡಿಮೆ ತೀರ್ಮಾನವಾದಂತೆಯೇ. ಬಣ್ಣ ಯಾವುದೆಂಬುದನ್ನು ಮಾತ್ರ ಮನೆಯವರನ್ನು ಕೇಳಿ ನಿರ್ಧರಿಸಿರಿ.